ಎಮ್ಮೆಯಲ್ಲ, ಎಮೆ

ಎಡಗಾಲಿಗೆ ಶೂ ಹಾಕಿದ್ದಾಯಿತು. ಬಲಗಾಲು ಮಾತ್ರ ಮರದ ತುಂಡಿನ ಹಾಗೆ ಬಿದ್ದುಕೊಂಡಿತ್ತು. ಬೆರಳುಗಳನ್ನು ಒಂದೊಂದಾಗಿ ಒತ್ತಿ ಒಳಗೆ ತೂರಿಸಿದರೂ ಹಿಮ್ಮಡಿ ಹೊರಗೇ ಉಳಿಯುತ್ತಿತ್ತು. ಅವಳು ಮಂಚದ ಬುಡದಲ್ಲಿ ಮಂಡಿಯೂರಿ ಕೂತು, ಶೂವಿನ ಹಿಂಬದಿಗೆ ಚಮಚದ ಹಿಡಿ ಕೊಟ್ಟು ಮೀಟುತ್ತಿದ್ದಳು. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ದಿಂಬಿಗೆ ಒರಗಿದ್ದ ಮೇಷ್ಟ್ರು ಅವಳ ನೆತ್ತಿಯನ್ನೇ ನೋಡುತ್ತಾ ಮತ್ತೆ ಅಂದರು:

"ಮೊ ಶೂ."

"ಹಾಕ್ತಿದೀನಲ್ರೀ. ಸ್ವಲ್ಪ ತಡ್ಕೊಳ್ಳಿ."

"ಮೊ ಪ್ತಿ ಶೂ."

"ಆಯ್ತು ಮಾರಾಯ್ರೆ, ಶೂನೇ. ಇಷ್ಟು ಅವಸರದಲ್ಲಿ ಎಲ್ಲಿಗೆ ಹೊರಟಿದೀರಿ? ಸ್ಕೂಲಿಗಾ?"

ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ನಾದಿನಿ. ಕಾಫಿ ಲೋಟ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನಗು ತಡೆಯಲು ಹೋಗಿ ಕಾಫಿ ನೆತ್ತಿಗೇರಿಸಿಕೊಂಡಿದ್ದಳು.

"ಅತ್ತಿಗೆ, ಅಣ್ಣ ಶೂ ಕೇಳ್ತಿಲ್ಲ."

"ಮತ್ತೆ? ಬೆಳಿಗ್ಗೆಯಿಂದ ಶೂ ಶೂ ಅಂತಿದಾರೆ. ನನಗೇನು ಕಿವಿ ಇಲ್ವಾ?"

"ಅದು ಫ್ರೆಂಚು. ಶೂ ಅಂದ್ರೆ ಕೋಸು."

"ಕೋಸಾ?"

"ಹೂಂ, ಎಲೆಕೋಸು. ಹೆಚ್ಚಿ ಬೇಯಿಸ್ತೀವಲ್ಲ, ಅದೇ."

ಅವಳು ಕೈಯಲ್ಲಿದ್ದ ಚಮಚವನ್ನೂ ಗಂಡನ ಕಾಲನ್ನೂ ಒಮ್ಮೆ ನೋಡಿದಳು. ಪಾಪ, ಬಾಯಿ ಕೆಟ್ಟಿದೆ, ಏನೋ ತಿನ್ನಬೇಕು ಅನ್ನಿಸಿದೆ ಅಂದುಕೊಂಡಳು. ಅವತ್ತು ಕೆಲಸದಿಂದ ಬರುವಾಗ ಕೋಸು ತಂದು, ಮೆತ್ತಗೆ ಬೇಯಿಸಿ, ಹಿಸುಕಿ, ಚಮಚದಲ್ಲಿ ತಿನ್ನಿಸಿದಳು. ಮೇಷ್ಟ್ರು ಮುಖ ಸಿಂಡರಿಸಿಕೊಂಡು ಒಂದು ಬಟ್ಟಲು ಕೋಸು ತಿಂದರು. ನಾದಿನಿ ಎದುರಿಗೆ ಕೂತು ನೋಡಿದಳು.

ಫ್ರೆಂಚರು ಮುದ್ದು ಉಕ್ಕಿದಾಗ ಮಕ್ಕಳನ್ನೂ ಹೆಂಡಿರನ್ನೂ 'ನನ್ನ ಕೋಸೇ' ಅನ್ನುತ್ತಾರೆ. 'ನನ್ನ ಚಿಗಟವೇ' ಅಂತಲೂ ಅನ್ನುತ್ತಾರೆ. ಯಾಕೆ ಅಂತ ಅವರನ್ನೇ ಕೇಳಬೇಕು. ನಾವು ಚಿನ್ನ, ಬಂಗಾರ ಅಂತ ಲೋಹದ ಹೆಸರು ಹಿಡಿದು ಕರೆಯುವುದಿಲ್ಲವೇ, ಅವರು ತರಕಾರಿಯನ್ನೂ ಹುಳವನ್ನೂ ಹಿಡಿದಿದ್ದಾರೆ, ಅಷ್ಟೆ. ನಾದಿನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವಳು ಸರಕು ಸಾಗಣೆ ಕಚೇರಿಯೊಂದರಲ್ಲಿ ಫ್ರೆಂಚ್ ಕಾಗದಪತ್ರಗಳನ್ನು ನೋಡಿಕೊಳ್ಳುವವಳು. ಅದಕ್ಕೂ ಮುಂಚೆ, ಐದು ವರ್ಷದವಳಿದ್ದಾಗಿನಿಂದ, ಅಣ್ಣನ ಮಡಿಲಲ್ಲಿ ಕೂತು ಆ ಭಾಷೆ ಕಲಿತವಳು. ಅತ್ತಿಗೆ ಹೊಲಿಗೆ ಶೆಡ್ಡಿನಲ್ಲಿ ಆಸ್ಪತ್ರೆಯವರ ಸಮವಸ್ತ್ರಗಳಿಗೆ ಕಾಜಾ, ಅಂದರೆ ಗುಂಡಿಯ ತೂತು, ಹಾಕುವವಳು. ಅವಳಿಗೆ ಫ್ರೆಂಚಿನ ಒಂದಕ್ಷರ ಬರುತ್ತಿರಲಿಲ್ಲ.

ಮೇಷ್ಟ್ರು ಬಿದ್ದದ್ದು ಆರು ವಾರದ ಹಿಂದೆ, ತರಗತಿಯಲ್ಲಿ, ಬೋರ್ಡಿನ ಮುಂದೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಭಾಗ ಸತ್ತಿತ್ತು, ಮನೆಮಾತು ಪೂರ್ತಿ ಹೋಗಿತ್ತು. ನೀರು ಅನ್ನಲು ಬರುತ್ತಿರಲಿಲ್ಲ, ಹೆಂಡತಿಯ ಹೆಸರು ಬರುತ್ತಿರಲಿಲ್ಲ. ಯಾರಾದರೂ ಮನೆಮಾತಿನಲ್ಲಿ ಏನಾದರೂ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ಉಳಿದದ್ದು ಮೂವತ್ತು ವರ್ಷ ಪಾಠ ಮಾಡಿದ ಫ್ರೆಂಚಿನ ಚೂರುಗಳು, ಅವೂ ಒಂದೊಂದೇ. ವಾರಕ್ಕೊಮ್ಮೆ ಬರುತ್ತಿದ್ದ ಮಾತು ಕಲಿಸುವ ಹುಡುಗಿ, "ಅಪರೂಪಕ್ಕೆ ಹೀಗೂ ಆಗತ್ತಮ್ಮ. ಮೊದಲು ಕಲಿತದ್ದು ಅಳಿಸಿಹೋಗಿ ಆಮೇಲೆ ಕಲಿತದ್ದು ಉಳ್ಕೊಳ್ಳತ್ತೆ. ಅವರು ಏನು ಹೇಳಿದ್ರೂ ನೀವೂ ಹೇಳಿ, ಮಾತಾಡ್ತಾ ಇರಿ," ಅಂದಿದ್ದಳು.

"ಯಾವ ಭಾಷೇಲಿ ಮಾತಾಡ್ಲಿ?" ಅಂತ ಅವಳು ಕೇಳುವ ಹೊತ್ತಿಗೆ ಆ ಹುಡುಗಿ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಿದ್ದಳು.

ಮೇಷ್ಟ್ರು ಒಳ್ಳೆಯ ಗಂಡನಾಗಿರಲಿಲ್ಲ. ಕಾಯಿಲೆ ಬಿದ್ದಿದ್ದಾರೆ ಅಂತ ಅದನ್ನು ಮುಚ್ಚಿಡಬೇಕಾಗಿಲ್ಲ. ಹೊಡೆದವರಲ್ಲ, ಕುಡಿದವರಲ್ಲ, ನಿಜ. ಆದರೆ ಇಪ್ಪತ್ತಾರು ವರ್ಷದಲ್ಲಿ ಹೆಂಡತಿಯ ಜೊತೆ ಆಡಿದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದರೆ ಆ ಹಾಳೆ ತುಂಬುತ್ತಿರಲಿಲ್ಲ. ಇಸ್ತ್ರಿ ಆಯ್ತಾ. ಬಾಗಿಲು ಹಾಕು. ಉಪ್ಪು ಜಾಸ್ತಿ. ಊಟಕ್ಕೆ ಕೂತಾಗ ಮಾತ್ರ ಅವರ ಬಾಯಿ ತೆರೆಯುತ್ತಿತ್ತು, ಅದೂ ತಂಗಿಯ ಜೊತೆ, ಫ್ರೆಂಚಿನಲ್ಲಿ. ಅಣ್ಣ ಏನೋ ಹೇಳುವುದು, ತಂಗಿ ತುತ್ತು ಬಾಯಲ್ಲಿಟ್ಟುಕೊಂಡೇ ನಗುವುದು. ಅವಳು ನಡುವೆ ನಿಂತು ಬಡಿಸುತ್ತಿದ್ದಳು. ತನ್ನ ಬಗ್ಗೆಯೇ ನಗುತ್ತಿದ್ದಾರೋ ಇಲ್ಲವೋ ಅಂತ ಗೊತ್ತಾಗದೆ ಹೊಸದರಲ್ಲಿ ತಾನೂ ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು. ಒಂದು ಸಲ, ಮದುವೆಯಾದ ಮೂರನೆಯ ವರ್ಷ, "ನನಗೂ ನಾಕು ಮಾತು ಕಲಿಸ್ರೀ" ಅಂದಿದ್ದಳು. "ನಿನಗ್ಯಾಕೆ?" ಅಂದರು ಮೇಷ್ಟ್ರು. ಬೈಗುಳವೂ ಅಲ್ಲ ಅದು. ನಿಜವಾಗಿಯೂ ಯಾಕೆ ಅಂತ ತಿಳಿಯದೆ ಕೇಳಿದ್ದರು.

ಅವರು ಬೀಳುವ ಹೊತ್ತಿಗೆ ಅವಳು ಮನೆ ಬಿಡುವುದು ಅಂತ ತೀರ್ಮಾನಿಸಿಯಾಗಿತ್ತು. ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವ ಹೆಂಗಸೊಬ್ಬಳಿದ್ದಳು, ಎಲ್ಲರೂ ಅವಳನ್ನು ಕತ್ತರಿ ಅಂತಲೇ ಕರೆಯುವುದು, ನಾಲಿಗೆಯೂ ಹಾಗೇ ಇತ್ತು. ಅವಳ ಮನೆಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಭಾನುವಾರ ಗಂಡನಿಗೆ ಹೇಳಿ ಹೊರಡುವುದು ಅಂತ ಮಾತಾಗಿತ್ತು. ಶುಕ್ರವಾರ ಮೇಷ್ಟ್ರು ಬಿದ್ದರು.

"ಒಳ್ಳೇ ದಿನ ನೋಡ್ಕೊಂಡು ಬಿದ್ದ ನಿನ್ನ ಗಂಡ," ಅಂದಿದ್ದಳು ಕತ್ತರಿ. "ಕೋಣೆ ಇರತ್ತೆ ಬಿಡು. ನಿನ್ನ ಋಣ ತೀರಿದ ದಿನ ಬಾ."

ಹಾಗಾಗಿ ಅವಳು ಉಳಿದಿದ್ದಳು. ಉಚ್ಚೆಯ ಬಟ್ಟೆ ತೆಗೆದಳು, ಬೆನ್ನು ಹುಣ್ಣಾಗದಂತೆ ಹೊರಳಿಸಿದಳು, ಗಂಜಿ ತಿನ್ನಿಸಿದಳು. ಕರುಣೆಯಿಂದಲ್ಲ. ಬಿದ್ದವನನ್ನು ಬಿಟ್ಟು ಹೋದಳು ಅನ್ನಿಸಿಕೊಳ್ಳಬಾರದು ಅಂತ.

ಕೋಸು ತಿನ್ನಿಸಿದ ನಾಲ್ಕೈದು ದಿನಕ್ಕೆ ಅದು ನಡೆಯಿತು. ಬೆಳಿಗ್ಗೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಅವರ ಮುಖ ಒರೆಸುತ್ತಿದ್ದಳು. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಒರೆಸುವಾಗ ಮೇಷ್ಟ್ರು ಎಡಗೈ ಎತ್ತಿ ಅವಳ ಮಣಿಕಟ್ಟು ಹಿಡಿದರು. ಹಿಡಿದು, ಬಿಡಲಿಲ್ಲ. ಅವಳ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಅಂದರು:

"ಮಾ ಪ್ಯೂಸ್."

ಆ ದನಿಯನ್ನು ಇಪ್ಪತ್ತಾರು ವರ್ಷದಲ್ಲಿ ಅವಳು ಕೇಳಿರಲಿಲ್ಲ.

"ಏನ್ರೀ?"

"ಮಾ ಪ್ಯೂಸ್. ಮಾ ಪ್ಯೂಸ್."

ಬಟ್ಟೆಯಿಂದ ನೀರು ತೊಟ್ಟಿಕ್ಕಿ ಹಾಸಿಗೆ ಒದ್ದೆಯಾಗುತ್ತಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ.

ಅವತ್ತು ಶೆಡ್ಡಿನಲ್ಲಿ ಮೂರು ಕೋಟುಗಳಿಗೆ ಕಾಜಾ ಎಡಗಡೆಗೆ ಹಾಕುವ ಬದಲು ಬಲಗಡೆಗೆ ಹಾಕಿದಳು. ಕಾಜಾ ಅಂದರೆ ಬಟ್ಟೆ ಕತ್ತರಿಸುವ ಕೆಲಸ. ತಪ್ಪಿದರೆ ಬಿಚ್ಚಲು ಬರುವುದಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬೈಸಿಕೊಂಡಳು. ಬೈಸಿಕೊಳ್ಳುವಾಗಲೂ ಪ್ಯೂಸ್, ಪ್ಯೂಸ್ ಅಂತ ನಾಲಿಗೆಯ ತುದಿಯಲ್ಲಿ ಹೊರಳಿಸುತ್ತಿದ್ದಳು. ಮರೆತುಹೋದರೆ ಏನು ಮಾಡುವುದು ಅಂತ ಭಯ. ಅದು ಒಳ್ಳೆಯ ಮಾತೇ ಆಗಿದ್ದರೆ ಉಳಿದ ವರ್ಷಗಳನ್ನು ಈ ಮಂಚದ ಪಕ್ಕದಲ್ಲೇ ಕಳೆದುಬಿಡಬಹುದು ಅನ್ನಿಸಿತು ಅವಳಿಗೆ. ಒಂದೇ ಒಂದು ಮಾತು. ಅಷ್ಟಕ್ಕೇ ಸಾಕು ಅನ್ನುವಷ್ಟು ಬಡವಿಯಾಗಿದ್ದಳು.

ಸಂಜೆ ನಾದಿನಿ ಕಚೇರಿಯಿಂದ ಬಂದು ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಾಗ, ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ ಕೇಳಿದಳು:

"ಪ್ಯೂಸ್ ಅಂದ್ರೇನೇ?"

ನಲ್ಲಿ ನೀರು ಹರಿಯುತ್ತಲೇ ಇತ್ತು. ನಾದಿನಿ ತಿರುಗಲಿಲ್ಲ.

"ಯಾರಂದ್ರು?"

"ನಿಮ್ಮಣ್ಣ. ಮಾ ಪ್ಯೂಸ್ ಅಂದ್ರು. ಕೈ ಹಿಡ್ಕೊಂಡು."

"ನಿಮಗಾ?"

"ನನಗಲ್ದೆ ಇನ್ಯಾರಿಗೆ? ಕೋಣೇಲಿ ಬೇರೆ ಯಾರಿದ್ರು?"

ಇದನ್ನು ಹೇಳಲೇಬೇಕು: ಆ ಹೆಸರು ನಾದಿನಿಯದು. ಅಪ್ಪ ಇಲ್ಲದ ಮನೆಯಲ್ಲಿ, ಹದಿನಾಲ್ಕು ವರ್ಷ ದೊಡ್ಡವನಾದ ಅಣ್ಣ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕರೆಯುತ್ತಿದ್ದ ಹೆಸರು. ಜ್ವರ ಬಂದಾಗ, ಪರೀಕ್ಷೆಯಲ್ಲಿ ಗೆದ್ದಾಗ, ಅವಳಿಗೆ ನಿಶ್ಚಯವಾಗಿದ್ದ ಗಂಡು ಇನ್ನೊಬ್ಬಳನ್ನು ಮದುವೆಯಾದ ದಿನ. ಅಣ್ಣ ಬಿದ್ದಾಗಿನಿಂದ ಅವಳು ದಿನಾ ಬೆಳಿಗ್ಗೆ ಸಂಜೆ ಮಂಚದ ಪಕ್ಕ ಕೂತು, ಶುದ್ಧ ಫ್ರೆಂಚಿನಲ್ಲಿ, ನಾನು ಯಾರು ಹೇಳು ಅಂತ ಕೇಳುತ್ತಿದ್ದಳು. ಅಣ್ಣ ಅವಳಿಗೆ "ಬೊಂಝೂರ್ ಮದಾಮ್" ಅನ್ನುತ್ತಿದ್ದರು. ದಿನಾ. ಅಂಗಡಿಗೆ ಬಂದ ಗಿರಾಕಿಗೆ ಅಂದ ಹಾಗೆ.

ನಾದಿನಿ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡಳು.

"ಪ್ಯೂಸ್ ಅಂದ್ರೆ ಚಿಗಟ, ಅತ್ತಿಗೆ."

"ಚಿಗಟ?"

"ನಾಯಿ ಮೈಮೇಲೆ ಇರತ್ತಲ್ಲ. ರಕ್ತ ಕುಡಿಯೋದು."

ಹೆಚ್ಚುವ ಕೈ ನಿಂತಿತು. "ಅಷ್ಟು ಮೆತ್ತಗೆ ಅಂದ್ರಲ್ಲೇ. ಕೈ ಹಿಡ್ಕೊಂಡು ಅಂದ್ರು."

"ಫ್ರೆಂಚೇ ಹಾಗೆ. ಬೈದ್ರೂ ಮುದ್ದು ಮಾಡ್ದ ಹಾಗೆ ಕೇಳ್ಸತ್ತೆ."

"ಮಾ ಅಂದ್ರೆ?"

"ನನ್ನ."

"ನನ್ನ ಚಿಗಟ," ಅಂದಳು ಅವಳು. "ಅಂಟ್ಕೊಂಡಿರೋದು ಅಂತ. ಹೋಗದೆ ಅಂಟ್ಕೊಂಡು ರಕ್ತ ಹೀರೋದು ಅಂತ." ಈರುಳ್ಳಿಯನ್ನು ಪಕ್ಕಕ್ಕೆ ಸರಿಸಿ, "ಕೋಸೂ ನಾನೇ ಏನು?"

ನಾದಿನಿ ಹೌದೆಂದು ತಲೆಯಾಡಿಸಿದಳು. ಒಂದೇ ಒಂದು ಸುಳ್ಳನ್ನೂ ಅವಳು ಹೇಳಿರಲಿಲ್ಲ.

ಆದರೂ ಅತ್ತಿಗೆಗೆ ನಂಬಿಕೆ ಬರಲಿಲ್ಲ. ಮಾರನೆಯ ದಿನ ಊಟದ ಹೊತ್ತಿನಲ್ಲಿ ಕತ್ತರಿಯ ಕೈಗೆ ಫೋನು ಕೊಟ್ಟು, "ಇದ್ರಲ್ಲಿ ನೋಡು" ಅಂದಳು. ಕತ್ತರಿ ಕನ್ನಡಕ ಏರಿಸಿ, ಬೆರಳಿಗೆ ಅಂಟಿದ್ದ ದಾರ ತೆಗೆದು, ಫೋನನ್ನು ಬಾಯಿಯ ಹತ್ತಿರ ಹಿಡಿದು ನಾಲ್ಕು ಸಲ "ಪ್ಯೂಸ್" ಅಂತ ಕೂಗಿದಳು. ಮೂರು ಸಲ ಫೋನಿಗೆ ಅರ್ಥವಾಗಲಿಲ್ಲ. ನಾಲ್ಕನೆಯ ಸಲ ಆಯಿತು.

"ಚಿಗಟ ಅಂತಿದೆ. ಇಲ್ಲಾ, ಕಂಪ್ಯೂಟರ್ ಒಳಗೆ ಇರೋ ಚಿಪ್ಪಂತೆ. ಯಾವುದು ಬೇಕೋ ಆರಿಸ್ಕೋ."

"ನಗ್ಬೇಡ."

"ನಗ್ದೆ ಏನು ಮಾಡ್ಲಿ? ಉಚ್ಚೆ ಬಾಚ್ತಿರೋ ಹೆಂಡ್ತೀನ ಚಿಗಟ ಅಂತಾನಲ್ಲ, ಇವನಿಗೆ ನಾಲಿಗೆ ಯಾಕೆ ಉಳೀತು? ಕೈ ಉಳಿದು ಅದು ಹೋಗ್ಬಾರ್ದಿತ್ತಾ?" ಕತ್ತರಿ ಫೋನನ್ನು ಮೇಜಿನ ಮೇಲೆ ಇಟ್ಟಳು. "ಕೋಣೆ ಹಾಗೇ ಇದೆ ಕಣೇ. ಯಾವತ್ತು ಬರ್ತೀಯ?"

ಅಂದಿನಿಂದ ಮನೆಯಲ್ಲಿ ಬಿಸಿನೀರು ನಿಂತಿತು. ತಣ್ಣೀರಲ್ಲಿ ಬಟ್ಟೆ ಅದ್ದಿ, ಪಾತ್ರೆ ತಿಕ್ಕುವ ಹಾಗೆ ಅವಳು ಗಂಡನ ಮುಖ ತಿಕ್ಕಿದಳು. ಗಂಜಿ ಆರಿಸಲಿಲ್ಲ. ಹೊರಳಿಸುವಾಗ ತೋಳು ಹಿಡಿದು ಎಳೆದಳು. 'ನೀವು' ಹೋಗಿ 'ನೀನು' ಬಂತು. "ಬಾಯಿ ತೆಗಿ. ಆ ಕಡೆ ತಿರುಗು." ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಅವಳ ಕೈ ತಿಳಿಯುತ್ತಿತ್ತು. ಮೊದಲೆರಡು ದಿನ ಗಾಬರಿಯಾಗಿ ನೋಡಿದರು. ಆಮೇಲೆ, ಅವಳು ಸಿಟ್ಟಾಗಿದ್ದಾಳೆ, ಸಮಾಧಾನ ಮಾಡಬೇಕು ಅನ್ನುವ ಹಾಗೆ, ಮತ್ತಷ್ಟು ಮೆತ್ತಗೆ ಶುರುಮಾಡಿದರು. ಮಾ ಪ್ಯೂಸ್. ಅವಳು ಬಂದರೆ ಮಾ ಪ್ಯೂಸ್, ಹೋದರೆ ಮಾ ಪ್ಯೂಸ್.

ಒಂದು ಬೆಳಿಗ್ಗೆ ಅವಳು ತಡೆಯಲಾರದೆ ಹೊದಿಕೆಯ ಮೇಲಿಂದ ಏನನ್ನೋ ಚಿವುಟಿ ಎತ್ತಿದ ಹಾಗೆ ಮಾಡಿ, ಅವರ ಕಣ್ಣ ಮುಂದೆ ಹಿಡಿದು, ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಇಟ್ಟು ಕುಕ್ಕಿದಳು. "ಇಗೋ ನಿನ್ನ ಪ್ಯೂಸು. ಸತ್ತೋಯ್ತು."

ಮೇಷ್ಟ್ರು ಆ ಉಗುರುಗಳನ್ನು ನೋಡಿದರು. ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಯಿತು. ನಕ್ಕರು. ಬಿದ್ದ ಮೇಲೆ ಮೊದಲ ಸಲ, ಹೊಟ್ಟೆ ಕುಲುಕುವ ಹಾಗೆ, ಜೊಲ್ಲು ಸುರಿಸಿಕೊಂಡು ನಕ್ಕರು. ಆಟ ಅಂದುಕೊಂಡರು. ಎಡಗೈ ಚಾಚಿ, ಇನ್ನೊಮ್ಮೆ ಅಂತ ಅವಳ ಬೆರಳು ಎಳೆದರು. "ಆಂಕೋರ್!"

ಅವಳು ಆ ಕೈಗೆ ಪಟಾರನೆ ಹೊಡೆದಳು. ಹೊಡೆದು, ತನ್ನ ಕೈಯನ್ನೇ ನೋಡಿಕೊಂಡಳು. ಜೀವನದಲ್ಲಿ ಯಾರಿಗೂ ಹೊಡೆದವಳಲ್ಲ. ಇನ್ನು ಈ ಮನೆಯಲ್ಲಿ ಇರಬಾರದು ಅಂತ ಆಗಲೇ ನಿಶ್ಚಯವಾಯಿತು.

ನೋಡಿಕೊಳ್ಳಲು ಒಬ್ಬ ಆಯಾಳನ್ನು ಗೊತ್ತುಮಾಡಿದಳು. ಭಾನುವಾರ ಬೆಳಿಗ್ಗೆ ಕತ್ತರಿಯ ಮೈದುನ ವ್ಯಾನು ತರುವುದು ಅಂತಾಯಿತು. ಅವಳು ನಾದಿನಿಗೆ ಹೇಳಿದಳು. ನಾದಿನಿ ಬೇಡ ಅನ್ನಲಿಲ್ಲ.

"ಹೋಗೋದಕ್ಕೆ ಮುಂಚೆ ಒಂದು ಮಾತು ಹೇಳಿ ಹೋಗ್ಬೇಕು," ಅಂದಳು ಅವಳು. "ನಮ್ಮ ಮಾತಲ್ಲಿ ಹೇಳಿದ್ರೆ ಅವನಿಗೆ ನಾಟಲ್ಲ. ನಿಮ್ಮ ಭಾಷೇಲಿ ಕಲಿಸು."

"ಏನು ಹೇಳ್ಬೇಕು?"

"ನೀನು ನನಗೆ ಯಾವತ್ತೂ ಬೇಕಾಗಿರ್ಲಿಲ್ಲ ಅಂತ."

ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು, ಮಧ್ಯೆ ಬಿಡಿಸಿದ ಬಟಾಣಿ. ನಾದಿನಿ ಒಂದು ಸಿಪ್ಪೆಯನ್ನು ಬೆರಳಲ್ಲಿ ಸೀಳುತ್ತಾ ಯೋಚಿಸಿದಳು.

"ಬೇಕಾಗಿರ್ಲಿಲ್ಲ ಅಂದ್ರೆ ಅಂಗಡಿ ಸಾಮಾನಿಗೆ ಹೇಳ್ದ ಹಾಗಾಗತ್ತೆ ಅತ್ತಿಗೆ. ಪ್ರೀತಿಸಲಿಲ್ಲ ಅಂತಲೇ ಹಾಕ್ಬೇಕು."

"ಪ್ರೀತಿ ಅಂತ ಬಾಯಿಬಿಟ್ಟು ಹೇಳೋದಾ?" ಐವತ್ತು ವರ್ಷದ ಹೆಂಗಸಿನ ಮುಖ ಕೆಂಪಾಯಿತು. ಆಮೇಲೆ, "ಹಾಕು. ಯಾವತ್ತೂ ಹೇಳಿಲ್ಲ. ಇಲ್ಲ ಅಂತ ಹೇಳೋದಕ್ಕಾದ್ರೂ ಆ ಮಾತು ನನ್ನ ಬಾಯಲ್ಲಿ ಬರ್ಲಿ."

"ನೀನು ಅಂತ ಹಾಕ್ಲಾ, ನೀವು ಅಂತ ಹಾಕ್ಲಾ? ಅದ್ರಲ್ಲೂ ಎರಡೂ ಇದೆ."

"ನೀವು ನೀವು ಅಂತ ಇಪ್ಪತ್ತಾರು ವರ್ಷ ಸವೆಸಿದ್ದಾಯ್ತು. ನೀನು ಅಂತಲೇ ಹಾಕು."

ಗಂಡಹೆಂಡಿರು ಆ ಭಾಷೆಯಲ್ಲಿ ನೀನು ಅಂತಲೇ ಅನ್ನುವುದು, ಹತ್ತಿರದವರಿಗೆ ಅನ್ನುವುದೇ ಅದು. ಇದನ್ನೂ ನಾದಿನಿ ಹೇಳಲಿಲ್ಲ. ಬಿಡಿಸಿ ಬಿಡಿಸಿ ಹೇಳಿಕೊಟ್ಟಳು: "ಝ ನ ತೆ ಝಾಮೆ ಎಮೆ."

"ಜೆ ನೆ ತೆ ಜಾಮೆ ಎಮ್ಮೆ."

"ಎಮ್ಮೆ ಅಲ್ಲ ಅತ್ತಿಗೆ, ಎಮೆ! ಕಣ್ಣಿನ ಎಮೆ ಅಂತೀವಲ್ಲ, ಹಾಗೆ ಹಗುರವಾಗಿ."

"ಎಮ್ಮೆನೇ ಸರಿ ಬಿಡು. ಕೋಸು ಇದೆ, ಚಿಗಟ ಇದೆ, ಎಮ್ಮೆನೂ ಇರ್ಲಿ. ನಿಮ್ಮ ಭಾಷೆ ಒಳ್ಳೇ ಕೊಟ್ಟಿಗೆ ಇದ್ದ ಹಾಗಿದೆ." ಹೇಳಿ ಅವಳೇ ನಕ್ಕಳು. ನಾದಿನಿಯೂ ನಕ್ಕಳು. ಇಪ್ಪತ್ತಾರು ವರ್ಷದಲ್ಲಿ ಅತ್ತಿಗೆ ನಾದಿನಿ ಜೊತೆಯಾಗಿ ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದಳು:

"ನಿನ್ನನ್ನೂ ಯಾವಾಗಾದ್ರೂ ಹಾಗೆ ಕರ್ದಿದಾನಾ? ಪ್ಯೂಸ್ ಅಂತ?"

ನಾದಿನಿ ಬಟಾಣಿಯ ಕಡೆ ನೋಡಿದಳು. ಹೇಳಿಬಿಡುವುದಾದರೆ ಅದೇ ಹೊತ್ತು. ಬಾಯಿಯೂ ತೆರೆಯಿತು.

"ಹೂಂ. ಚಿಕ್ಕೋಳಿದ್ದಾಗ. ದಿನಾ."

"ಅಯ್ಯೋ ಕೂಸೇ," ಅಂದಳು ಅತ್ತಿಗೆ. ಬಟಾಣಿ ಸರಿಸಿ ಅವಳ ತಲೆ ನೇವರಿಸಿದಳು. "ಅಷ್ಟು ಚಿಕ್ಕ ಮಗೂಗೆ ಹಾಗನ್ನೋದಕ್ಕೆ ಅವನಿಗೆ ಮನಸ್ಸಾದ್ರೂ ಹೇಗೆ ಬಂತು? ನೀನು ಹೇಗೆ ತಡ್ಕೊಂಡೆ?"

ನಾದಿನಿ ಆ ಕೈಯ ಕೆಳಗೆ ಕಲ್ಲಿನ ಹಾಗೆ ಕೂತಿದ್ದಳು.

ನಾಲ್ಕು ದಿನ ಅವಳು ಅಭ್ಯಾಸ ಮಾಡಿದಳು. ಅಳತೆಯ ಕಂದು ಕಾಗದದ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು ಯಂತ್ರದ ಎದುರು ಗೋಡೆಗೆ ಅಂಟಿಸಿಕೊಂಡಳು. ಒಂದು ಕಾಜಾಕ್ಕೆ ಒಂದು ಸಲ. ಹೇಳುತ್ತಿದ್ದ ಮಾತು ಪೂರ್ತಿ ನಿಜವಲ್ಲ ಅಂತ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ, ಅಂಗಿಯ ತೋಳಿಗೆ ಅಂಟಿದ ಸೀಮೆಸುಣ್ಣದ ಪುಡಿಯನ್ನು ಒಗೆಯುವ ಮುಂಚೆ ಮೂಸಿ ನೋಡುತ್ತಿದ್ದವಳು ಅವಳೇ. ಆದರೆ ಅಷ್ಟೆಲ್ಲ ಸೇರಿಸಿ ಹೇಳಲು ಫ್ರೆಂಚು ಬರಬೇಕಲ್ಲ.

ಭಾನುವಾರ ಒಂಬತ್ತಕ್ಕೆ ಅವಳು ಮಂಚದ ಪಕ್ಕ ಬಂದು ನಿಂತಳು. ಹೊರಡುವ ಸೀರೆ ಉಟ್ಟಿದ್ದಳು. ಕಿಟಕಿಯಿಂದ ಬಿದ್ದ ಬಿಸಿಲು ಮೇಷ್ಟ್ರ ಹೊಟ್ಟೆಯ ಮೇಲಿತ್ತು. ಅವಳನ್ನು ನೋಡಿ ಬಾಯಿ ತೆರೆದರು, ಅದೇ ಮಾತು ಬರುವುದರಲ್ಲಿತ್ತು. ಅವಳು ಬಿಡಲಿಲ್ಲ. ಎರಡು ಕೈಯನ್ನೂ ಬಿಗಿಹಿಡಿದು, ಶಾಲೆಯ ಮಗು ಪದ್ಯ ಒಪ್ಪಿಸುವ ಹಾಗೆ, ಒಂದೇ ಉಸಿರಲ್ಲಿ ಅಂದಳು:

"ಜೆ ನೆ ತೆ ಜಾಮೆ ಎಮ್ಮೆ."

ಮೇಷ್ಟ್ರ ಮುಖ ಬದಲಾಯಿತು. ಹುಬ್ಬು ಗಂಟಿಕ್ಕಿತು. ನಾಟಿತು, ಅಂದುಕೊಂಡಳು ಅವಳು. ಮೇಷ್ಟ್ರು ದಿಂಬಿನಿಂದ ತಲೆ ಎತ್ತಲು ಹೆಣಗಿದರು, ಎತ್ತಿದರು, ಎಡಗೈಯ ತೋರುಬೆರಳನ್ನು ನೆಟ್ಟಗೆ ಮಾಡಿದರು.

"ನೊಂ," ಅಂದರು. "ಝ."

"ಏನು?"

"ಝ. ಝ." ಬೆರಳಿನಿಂದ ತುಟಿಯನ್ನು ಮುಟ್ಟಿ ತೋರಿಸಿದರು. ಸೊಟ್ಟಗಾದ ತುಟಿಯನ್ನು ಕಷ್ಟಪಟ್ಟು ದುಂಡಗೆ ಮಾಡಿದರು. "ಝ ನ ತೆ."

ಅವಳಿಗೆ ಏನೂ ತೋಚಲಿಲ್ಲ. ಹೇಳಿ ತಿರುಗಿ ನಡೆಯುವುದು ಅಂತ ಇತ್ತು ಲೆಕ್ಕ. ಈ ಬೆರಳು ಲೆಕ್ಕದಲ್ಲಿರಲಿಲ್ಲ. "ಝ ನ ತೆ," ಅಂದಳು.

"ಝಾಮೆ."

"ಜಾಮೆ."

"ಝಾ. ಝಾ!" ಮೇಷ್ಟ್ರು ಹಾಸಿಗೆಗೆ ಗುದ್ದಿದರು.

"ಝಾಮೆ."

"ಎಮೆ."

"ಎಮ್ಮೆ."

"ನೊಂ. ನೊಂ, ನೊಂ. ಎಮೆ." ಬೆರಳನ್ನು ಗಾಳಿಯಲ್ಲಿ ಹಗುರವಾಗಿ ತೇಲಿಸಿದರು. ಸುಮಾರು ಎರಡು ತಿಂಗಳಲ್ಲಿ ಇಷ್ಟು ಮಾತು ಆ ಬಾಯಿಂದ ಬಂದಿರಲಿಲ್ಲ. ಕಣ್ಣು ಬೆಳಗುತ್ತಿತ್ತು, ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಆದರೆ ಆ ಕಣ್ಣು ಬಿದ್ದಾಗಿನಿಂದ ಯಾವಾಗಲೂ ಸುರಿಯುತ್ತಲೇ ಇತ್ತು. ಅದನ್ನು ನೋಡಿ ಏನೂ ಹೇಳಲು ಬರುವುದಿಲ್ಲ. "ಆಂಕೋರ್."

ಅವಳು ಹೇಳಿದಳು. ತಿದ್ದಿದರು. ಮತ್ತೆ ಹೇಳಿದಳು. ಕೆಳಗೆ ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಆರನೆಯ ಸಲವೋ ಏಳನೆಯ ಸಲವೋ, ಅವಳ ನಾಲಿಗೆ ಎಲ್ಲೂ ತಡವರಿಸದೆ ಆ ಮಾತು ಪೂರ್ತಿಯಾಗಿ, ಚೊಕ್ಕವಾಗಿ ಬಂತು.

ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. "ತ್ರೆ ಬ್ಯಾಂ," ಅಂದರು. ತುಂಬಾ ಚೆನ್ನಾಗಿದೆ ಅಂತ. ಅದರ ಅರ್ಥ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕಣ್ಣು ತೆರೆದಾಗ ಅವರಿಗೆ ಬಾಗಿಲಲ್ಲಿ ನಿಂತಿದ್ದ ತಂಗಿ ಕಂಡಳು. ನಾದಿನಿ ಮೊದಲಿನಿಂದಲೂ ಅಲ್ಲೇ ಇದ್ದಳು, ಚೌಕಟ್ಟನ್ನು ಹಿಡಿದುಕೊಂಡು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಹುಡುಗಿಯನ್ನು ಹಿಡಿದವರ ಹಾಗೆ ಅವಳ ಕಡೆ ಬೆರಳು ತೋರಿಸಿದರು. ಆಮೇಲೆ ಆ ಬೆರಳಲ್ಲೇ ಇಬ್ಬರನ್ನೂ ಸೇರಿಸಿ ಒಂದು ಸುತ್ತು ಹಾಕಿದರು.

"ತೂಸಾಂಸಾಂಬ್ಲ್!"

"ಏನಂತೆ?" ಅಂದಳು ಅವಳು.

ನಾದಿನಿ ತಲೆ ಅಲ್ಲಾಡಿಸಿದಳು. ಹಿಂದೆ ಸರಿದಳು.

"ಏನಂತೇ, ಹೇಳು."

"ಎಲ್ಲರೂ ಒಟ್ಟಿಗೆ ಹೇಳ್ಬೇಕಂತೆ."

"ಸರಿ, ಹೇಳು ಮತ್ತೆ."

"ನಾನ್ಯಾಕೆ ಹೇಳ್ಲಿ ಅತ್ತಿಗೆ? ನನ್ನ ಕೈಲಾಗಲ್ಲ. ಅದು ನಿಮ್ಮ ಮಾತು."

"ತೂಸಾಂಸಾಂಬ್ಲ್!" ಮೇಷ್ಟ್ರ ದನಿ ಏರಿತು. ಕತ್ತಿನ ನರ ಉಬ್ಬಿತು, ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು, ಎಡಗೈ ಹಾಸಿಗೆಯನ್ನು ಬಡಿಯತೊಡಗಿತು. ಬಡಿತಕ್ಕೆ ಮಂಚ ಗೋಡೆಗೆ ತಾಗಿ ಸದ್ದು ಮಾಡುತ್ತಿತ್ತು.

"ಹೇಳ್ಬಾರ್ದೇನೇ, ನರ ಕಿತ್ಕೊಂಡು ಸಾಯ್ತಾನೆ ಅವನು!" ಅವಳು ನಾದಿನಿಯ ರಟ್ಟೆ ಹಿಡಿದು ಒಳಗೆ ಎಳೆದು ಮಂಚದ ಪಕ್ಕ ನಿಲ್ಲಿಸಿದಳು. "ನಿನ್ನನ್ನೂ ಚಿಗಟ ಅಂದವನಲ್ವಾ? ಹೇಳು. ಒಂದು, ಎರಡು."

ಇಬ್ಬರೂ ಹೇಳಿದರು. ಅವಳದು ಗಟ್ಟಿಯಾಗಿ, ನಾದಿನಿಯದು ಉಸಿರಿಗಿಂತ ಸ್ವಲ್ಪ ಮೇಲೆ. ಮೇಷ್ಟ್ರು ಹೆಂಡತಿಯ ಕಡೆ ನೋಡಲಿಲ್ಲ. ತಂಗಿಯನ್ನೇ ನೋಡಿದರು, ಕಿವಿಯ ಹಿಂದೆ ಅಂಗೈ ಇಟ್ಟು, ಕೇಳಿಸಲಿಲ್ಲ ಅನ್ನುವ ಹಾಗೆ ಸನ್ನೆ ಮಾಡಿದರು. ನಾದಿನಿ ಒಬ್ಬಳೇ ಹೇಳಬೇಕಾಯಿತು. ಅವಳ ಉಚ್ಚಾರದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

"ತ್ರೆ ಬ್ಯಾಂ, ಮದಾಮ್," ಅಂದರು ಮೇಷ್ಟ್ರು.

ಹಾರ್ನ್ ಮತ್ತೆ ಆಯಿತು, ಈ ಸಲ ಉದ್ದಕ್ಕೆ. ಇಬ್ಬರಲ್ಲಿ ಯಾರೂ ಅಲುಗಲಿಲ್ಲ. ಮೇಷ್ಟ್ರು ದಿಂಬಿಗೆ ತಲೆ ಊರಿ, ಎಡಗೈಯನ್ನು ಕಷ್ಟಪಟ್ಟು ಪಕ್ಕದ ಗೋಡೆಗೆ ಚಾಚಿ, ಅಂಗೈಯನ್ನು ಅಗಲಿಸಿ, ಪಾಠ ಮುಗಿದ ಮೇಲೆ ಬೋರ್ಡು ಒರೆಸುವ ಹಾಗೆ, ಸುಣ್ಣದ ಮೇಲೆ ಒರೆಸತೊಡಗಿದರು. ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ, ಮೂಲೆಗಳನ್ನೂ ಬಿಡದೆ.